ಕಾಲೆಲ್ಲ ಮೈಲುತುತ್ತು

ಮೂರು ದಿನವಾಯ್ತು, ಆ ಮಾತು ತಲೆಯಿಂದ ಹೋಗ್ತಿಲ್ಲ. "ಬೇಡ ಅಕ್ಕೇ, ಕಾಲೆಲ್ಲ ಮೈಲುತುತ್ತು."

ಮಂಗಳವಾರ ಕಾಸರಗೋಡಿನ ಬದಿಯಡ್ಕದ ನಮ್ಮ ತೋಟಕ್ಕೆ ಎರಡನೇ ಸಲದ ಮದ್ದು. ಮಳೆ ಬಿಟ್ಟು ಸ್ವಲ್ಪ ಬಿಸಿಲು ಕಂಡರೆ ಸಾಕು, ಮದ್ದು ಬಿಡಲಿಕ್ಕೆ ಊರಿಗೆಲ್ಲ ಆ ಮಾತು ಹೇಳಿದ ಅವನೇ ಬೇಕು, ಇಲ್ಲದಿದ್ದರೆ ಕೊಳೆರೋಗಕ್ಕೆ ಅಡಿಕೆ ಉದುರಿ ಹೋಗ್ತದೆ. ತಮ್ಮ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು (ನೀಲಿ ಬಣ್ಣದ ಕಾಪರ್ ಸಲ್ಫೇಟ್), 1 ಕಿಲೋ ಸುಣ್ಣ ಅಂತ ಡ್ರಮ್ಮಿನಲ್ಲಿ ಕಲಸಿ ಕೊಟ್ಟ. ಹನ್ನೊಂದು ಗಂಟೆಗೆ ಮಳೆ ಧೋ ಅಂತ ಸುರಿಯಿತು. ಇಬ್ಬರೂ ಓಡಿ ಬಂದರು. ತಮ್ಮ ನೀಲಿ ಕಾಲಿನಲ್ಲೇ ಸೀದಾ ಒಳಗೆ ಹೋಗಿ ಊಟದ ಮೇಜಿಗೆ ಕೂತ. ಅಮ್ಮ ಬೈದಳು, ಅಷ್ಟೇ. ಇವನು ಸೂರಿನ ಕೆಳಗೇ ನಿಂತ.

"ಒಳಗೆ ಬಾ ಮಾರಾಯ, ಚಂಡಿಯಾಗ್ತೀಯ" ಅಂದೆ. ಆಗ ಬಂದ ಮಾತು ಅದು. ನಗ್ತಾನೇ ಹೇಳಿದ.

ನನಗಿಂತ ಹತ್ತು ವರ್ಷ ದೊಡ್ಡವ. ಆದರೂ ನಾನು ಅವನಿಗೆ 'ನೀನು', ಅವನು ನನಗೆ 'ಅಕ್ಕೇ'. ಮಗಳು ಮಂಗಳೂರಲ್ಲಿ ನರ್ಸಿಂಗ್ ಓದ್ತಾಳೆ, ಬೈಕ್ ಹೊಸದು, ಸಂಬಳ ಗೂಗಲ್ ಪೇಗೆ ಹಾಕಿದರೆ ಸಾಕು. ಮಾವನಿಗೆ ಇದೇ ಹೊಟ್ಟೆಯುರಿ. "ಈಗ ಅವರೇ ದಣಿಗಳು, ಅವನ ಮನೆ ಇರುವ ಹತ್ತು ಸೆಂಟ್ಸ್ ನಾವು ಕೊಟ್ಟದ್ದು" ಅಂತ ಅವತ್ತೂ ಶುರು ಮಾಡಿದರು. ಕೊಟ್ಟದ್ದಂತೆ! ಕೇರಳದಲ್ಲಿ 1970ರ ಜನವರಿ 1ಕ್ಕೆ ಗೇಣಿ ಪದ್ಧತಿಯೇ ಹೋಯ್ತು, ಕುಡಿಕಿಡಪ್ಪಿನವರಿಗೆ, ಅಂದರೆ ದಣಿಗಳ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರಿಗೆ, ಪಂಚಾಯತಿನಲ್ಲಾದರೆ ಹತ್ತು ಸೆಂಟ್ಸ್ ತನಕ ಹಕ್ಕು ಅಂತ ಕಾನೂನೇ ಬಂತು. ಅಜ್ಜನಿಗೆ ಬೇರೆ ದಾರಿ ಇರಲಿಲ್ಲ. ಮಾವನಿಗೆ ಇದು ಗೊತ್ತಿಲ್ಲ ಅಂತಲ್ಲ, ಕೊಟ್ಟದ್ದು ಅನ್ನುವುದರಲ್ಲಿ ಒಂದು ಸುಖ ಇದೆ ಅಲ್ವಾ.

ಜಾಗಕ್ಕೆ ಕಾನೂನು ಬಂತು, ಹೊಸ್ತಿಲಿಗೆ ಯಾವುದೂ ಬರಲಿಲ್ಲ. ಅವನು ಒಳಗೆ ಬಾರದ್ದು ಹಳೇ ಹೆದರಿಕೆಯಿಂದಲಾ, ನಮ್ಮ ಮನೆಯೊಳಗೆ ಬಂದು ಆಗಬೇಕಾದ್ದು ಏನೂ ಇಲ್ಲ ಅಂತಲಾ? ಆ ನಗುವಿನಲ್ಲಿ ಎರಡೂ ಇತ್ತೇನೋ.

ಮಾವನಿಗೆ ಬೈಯುತ್ತಾ ಚಾ ಮಾಡಿದೆ. ಅವನು ಕುಡಿದು, ಸೂರಿನ ನೀರಿಗೇ ಲೋಟ ಹಿಡಿದು ತೊಳೆದು, ಜಗಲಿಯ ಮೂಲೆಯಲ್ಲಿ ಕವುಚಿ ಇಟ್ಟು ತೋಟಕ್ಕೆ ಇಳಿದ. ಅಂಚು ನೆಗ್ಗಿದ ಸ್ಟೀಲಿನ ಲೋಟ. ಅದು ಯಾವಾಗಲೂ ಇರುವುದು ಅಲ್ಲೇ. ಕಪಾಟಿನಲ್ಲಿ ಅಷ್ಟು ಲೋಟ ಇದ್ದರೂ, ಚಾ ಸೋಸುವ ಮೊದಲು ಜಗಲಿಗೆ ಹೋಗಿ ಅದನ್ನೇ ತಂದವಳು ನಾನು.