ಬೆಟ್ಟದ ಮೇಲೆ ಹಳಿ, ಕೆರೆಗಳ ಕೆಳಗೆ ಸುರಂಗ

ಸ್ಪೇನಿನ ಕ್ಯಾಟಲೋನಿಯಾದಲ್ಲಿ, ಪಿರನೀಸ್ ಬೆಟ್ಟಗಳ ನಡುವೆ ಐಗ್ವೆಸ್ತೋರ್ತೆಸ್ ರಾಷ್ಟ್ರೀಯ ಉದ್ಯಾನ ಇದೆ. 1955ರಲ್ಲಿ ಆದದ್ದು. ಅಲ್ಲಿ ಒಂಬತ್ತು ರೆಫ್ಯೂಜ್‌ಗಳಿವೆ, ಅಂದರೆ ಬಂಕ್ ಹಾಸಿಗೆ, ರಾತ್ರಿ ಊಟ ಎರಡೂ ಸಿಗುವ ಬೆಟ್ಟದ ಮನೆಗಳು. ಅವನ್ನೆಲ್ಲ ಮುಟ್ಟಿಕೊಂಡು ಹೊರಟಲ್ಲಿಗೇ ವಾಪಸ್ ಬರುವ ದಾರಿಗೆ ಕಾರ್ರೋಸ್ ದೆ ಫೋಕ್ ಅಂತ ಹೆಸರು. 1987ರಲ್ಲಿ ಆ ಮನೆಗಳನ್ನು ನೋಡಿಕೊಳ್ಳುತ್ತಿದ್ದ ಕೆಲವರು 24 ಗಂಟೆಯೊಳಗೆ ಎಲ್ಲವನ್ನೂ ಸುತ್ತಿ ಬಂದರಂತೆ, ಶುರುವಾಗಿದ್ದು ಹಾಗೆ. ನಿಧಾನವಾಗಿ ನಡೆಯುವುದೇ ಸರಿ ಅಂತ ನನ್ನ ಅಭಿಪ್ರಾಯ. ಇನ್ನೂರಕ್ಕೂ ಹೆಚ್ಚು ಕೆರೆಗಳಿರುವ ಜಾಗದಲ್ಲಿ ಓಡಿದರೆ ಏನು ಕಾಣುತ್ತೆ?

ಎಸ್ಪೊತ್ ಹಳ್ಳಿಯಿಂದ ಹತ್ತಿದೆವು. ಸಾಂತ್ ಮೌರಿಸಿ ಕೆರೆಯ ಮೇಲೆ ನಿಂತ ಎನ್ಕಾಂತಾತ್ಸ್ ಜೋಡಿ ಶಿಖರದ ಮುಂದೆ ಜನವೋ ಜನ. ಚೆನ್ನಾಗಿದೆ, ಇಲ್ಲ ಅನ್ನಲ್ಲ, ಆದರೆ ಕೊಲೊಮೆರ್ಸ್ ಕಡೆಯ ಸಣ್ಣ ಸಣ್ಣ ಕೆರೆಗಳು ನನಗೆ ಅದಕ್ಕಿಂತ ಹಿಡಿಸಿದವು. ಕೊಂತ್ರಾಶ್ ಕಣಿವೆದಾರಿ 2,748 ಮೀಟರ್, ಇಡೀ ಸುತ್ತಿನಲ್ಲಿ ಅದೇ ಎಲ್ಲಕ್ಕಿಂತ ಎತ್ತರದ್ದು. ಹತ್ತುವಾಗ ದೊಡ್ಡ ದೊಡ್ಡ ಬಂಡೆ, ಕೈಯೂರಿ ದಾಟಬೇಕು. ಇಳಿಯುವಾಗ ಜಾರುವ ಜಲ್ಲಿ.

ಒಂದು ಮಾತು ಹೇಳಿಬಿಡುತ್ತೇನೆ, ಇನ್ನೂ ಸಿಟ್ಟಿದೆ. ಒಂದು ಮನೆಯಲ್ಲಿ ನಾವು ಮೊದಲೇ ಕಾದಿರಿಸಿದ್ದ ಹಾಸಿಗೆಗಳು ಅವರ ಪಟ್ಟಿಯಲ್ಲಿ ಇರಲೇ ಇಲ್ಲ. ಫೋನಿನಲ್ಲಿದ್ದ ಇಮೇಲ್ ತೆಗೆದು ತೋರಿಸಿದ ಮೇಲೆ ಊಟದ ಕೋಣೆಯ ನೆಲ ಕೊಟ್ಟರು. ಉದ್ಯಾನದೊಳಗೆ ಟೆಂಟ್ ಹಾಕುವಂತಿಲ್ಲ, ಮುಂದಿನ ಮನೆಗೆ ಕತ್ತಲಲ್ಲಿ ಹೋಗುವಂತಿಲ್ಲ. ಒಂದೊಂದು ಮನೆಯ ಇಮೇಲನ್ನೂ ಫೋನಿನಲ್ಲೇ ಉಳಿಸಿಕೊಳ್ಳಿ, ನೆಟ್‌ವರ್ಕ್ ನಂಬಬೇಡಿ. ಯೂರೋ ನೋಟುಗಳೂ ಕೈಯಲ್ಲಿರಲಿ.

ನಾನು ಬರೆಯಲು ಕೂತಿದ್ದೇ ಆ ಒಂಬತ್ತು ಮನೆಗಳಲ್ಲಿ ಒಂದಾದ ಕೊಲೊಮಿನಾ ಬಗ್ಗೆ. ದೆಲ್ಲುಯಿ ಕಣಿವೆದಾರಿ ಇಳಿದು ಆ ಕಡೆ ನಡೆಯುವಾಗ ದಾರಿ ಇದ್ದಕ್ಕಿದ್ದಂತೆ ಸಮತಟ್ಟಾಯಿತು. ನೋಡಿದರೆ ಕಾಲ ಕೆಳಗೆ ತುಕ್ಕು ಹಿಡಿದ ಸಣ್ಣ ರೈಲು ಹಳಿ! ಅಷ್ಟು ಎತ್ತರದಲ್ಲಿ, ಸುತ್ತ ಬರೀ ಕಲ್ಲು ನೀರು ಇರುವಲ್ಲಿ.

ಕೊಲೊಮಿನಾ ಹಳೆಯ ಮರದ ಮನೆ. ಊಟ ಮುಗಿದ ಮೇಲೆ ಮನೆ ನೋಡಿಕೊಳ್ಳುವ ಹೆಂಗಸನ್ನು ಹಳಿಯ ಬಗ್ಗೆ ಕೇಳಿದೆ. ಆಕೆ ತಟ್ಟೆ ಒರೆಸುವುದನ್ನು ಬಿಟ್ಟು ನಕಾಶೆ ಹರಡಿದರು.

"ಈ ಕೆರೆಗಳೆಲ್ಲ ಒಳಗೊಳಗೇ ಕೈ ಹಿಡಿದುಕೊಂಡಿವೆ," ಅಂದರು. ಬೆಟ್ಟದೊಳಗೆ ಸುರಂಗ ಕೊರೆದು ಒಂದು ಕೆರೆಗೆ ಇನ್ನೊಂದನ್ನು ಸೇರಿಸಿದ್ದಾರೆ. ನೀರೆಲ್ಲ ಜೆಂತೊ ಕೆರೆಗೆ ಬರುತ್ತೆ, ಅಲ್ಲಿಂದ 800 ಮೀಟರ್‌ಗಿಂತ ಜಾಸ್ತಿ ಕೆಳಕ್ಕೆ ಧುಮುಕಿ ಕಾಪ್‌ದೆಲ್ಯಾ ವಿದ್ಯುತ್ ಕೇಂದ್ರದ ಚಕ್ರ ತಿರುಗಿಸುತ್ತೆ. 1914ರಿಂದ. ಹಳಿ ಹಾಕಿದ್ದು ಆ ಕೆಲಸದ ಸಾಮಾನು ಸಾಗಿಸಲು. ನಾವು ಕೂತಿದ್ದ ಮನೆಯೂ ಒಂದು ಕಾಲಕ್ಕೆ ಅದೇ ವಿದ್ಯುತ್ ಕಂಪನಿಯದು.

ಹಾಗಾದರೆ ನಾನು ನೋಡಿದ್ದು ಮನುಷ್ಯರ ಕೈ ತಾಗದ ಕೆರೆಗಳಲ್ಲವಾ? ಮನಸ್ಸಿಗೆ ಪಿಚ್ಚೆನಿಸಿತು, ಅದನ್ನೇ ಹೇಳಿದೆ.

"ಬೇಜಾರು ಯಾಕೆ? ಆ ಜನ ಹಿಮದಲ್ಲಿ ಕಲ್ಲು ಒಡೆಯದಿದ್ದರೆ ಈ ಮನೆ ಇರ್ತಿರಲಿಲ್ಲ, ನೀವು ಇವತ್ತು ಇಲ್ಲಿ ಮಲಗ್ತಿರಲಿಲ್ಲ. ಆದರೆ ಇನ್ನೊಂದು ಕೆರೆಗೆ ಕಟ್ಟೆ ಕಟ್ತೀವಿ ಅಂತ ಯಾರಾದರೂ ಬಂದ್ರೆ ನಾನೇ ಅಡ್ಡ ನಿಲ್ತೀನಿ."

ಎರಡೂ ಮಾತು ಒಂದೇ ಉಸಿರಿಗೆ ಬಂದವು, ಎರಡನ್ನೂ ಆಕೆ ನಂಬಿದ್ದರು. ನನಗೂ ಆಗ ಎರಡೂ ನಿಜ ಅನ್ನಿಸಿತು. ಮರುದಿನ ಸಬುರೋ ಕಣಿವೆದಾರಿಯ ಕಡೆ ಹತ್ತುವಾಗ ಪ್ರತಿ ಕೆರೆಯ ಅಂಚಿನಲ್ಲೂ ಕಟ್ಟೆ ಇದೆಯಾ ಅಂತ ಹುಡುಕುತ್ತಿದ್ದೆ. ಸಾಂತ್ ಮೌರಿಸಿಗೂ ಅಣೆಕಟ್ಟು ಇದೆ, ಹೋಗುವಾಗ ಶಿಖರ ನೋಡುತ್ತಾ ನಿಂತ ನಮಗೆ ಅದು ಕಂಡೇ ಇರಲಿಲ್ಲ.

ಇಡೀ ಸುತ್ತು ಹೊಡೆಯಲು ರಜೆ ಇಲ್ಲದಿದ್ದರೂ ಕೊಲೊಮಿನಾಗೆ ಹೋಗಿ. ಬೇಸಿಗೆಯಲ್ಲಿ ಸಾಯೆಂತೆ ಅಣೆಕಟ್ಟೆಯಿಂದ ಜೆಂತೊ ಕೆರೆಗೆ ಕೇಬಲ್ ಕಾರ್ ಇರುತ್ತೆ, ಅದೂ 1980ರ ದಶಕದ ವಿದ್ಯುತ್ ಕಾಮಗಾರಿಗೆಂದೇ ಕಟ್ಟಿದ್ದು. ಅಲ್ಲಿಂದ ಮನೆಗೆ ಹತ್ತುವ ದಾರಿ ಹೆಚ್ಚೇನಿಲ್ಲ. ಒಂದು ರಾತ್ರಿ ಉಳಿಯಿರಿ, ಊಟ ಆದ ಮೇಲೆ ನಕಾಶೆ ತೋರಿಸಿ ಅಂತ ಕೇಳಿ.