ಕಳೆನಾಶಕ ಬೆರೆಸುವ ಕೈಗಳ ಬಗ್ಗೆ

ದೊಡ್ಡ ಉದ್ಯಾನಗಳ ನಿರ್ವಹಣೆ ನನ್ನ ಕೆಲಸ. ಹೊಸದಾಗಿ ಸೇರಿದವರು ತಪ್ಪದೆ ಕೇಳುವ ಪ್ರಶ್ನೆ: ಗ್ಲೈಫೋಸೇಟ್ ಎಂಬ ಕಳೆನಾಶಕದಿಂದ ಕ್ಯಾನ್ಸರ್ ಬರುತ್ತದೆಯೇ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವಿರುವ ವಸ್ತುಗಳ 2ಎ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೂ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವೂ ಇದನ್ನು ಒಪ್ಪಲಿಲ್ಲ. ಆ ವಾದ ಮುಗಿಯುವವರೆಗೆ ಕಾಯುವ ಅಗತ್ಯ ನಮಗಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ವರ್ಷಗಟ್ಟಲೆ ಪಂಪ್ ಹೊರುವವರು ನಾವು. ಮೈಗೆ ಸೋಕುವ ಪ್ರಮಾಣವನ್ನು ಇಂದೇ ತಗ್ಗಿಸಬಹುದು. ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕದ ವಿಷಯದಲ್ಲಂತೂ ನಾನು ಚರ್ಚೆಗೇ ನಿಲ್ಲುವುದಿಲ್ಲ. ಅದು ಹೊಟ್ಟೆಗೆ ಹೋದರೆ ಪ್ರತಿವಿಷವೇ ಇಲ್ಲ. ಪಾರ್ಕಿನ್ಸನ್ ಕಾಯಿಲೆಯೊಂದಿಗೆ ಅದಕ್ಕೆ ನಂಟಿರಬಹುದೆಂದು ಹಲವು ಅಧ್ಯಯನಗಳು ಹೇಳಿವೆ.

ಸಿಂಪಡಿಸುವಾಗ ಮಾತ್ರ ಅಪಾಯ ಎಂದುಕೊಳ್ಳುವವರೇ ಹೆಚ್ಚು. ಆದರೆ ಗಟ್ಟಿ ದ್ರಾವಣ ಅಳೆದು ನೀರಿಗೆ ಬೆರೆಸುವ ಹೊತ್ತು ಅದಕ್ಕಿಂತ ಕೆಟ್ಟದ್ದು. ವಿಷ ಮುಖ್ಯವಾಗಿ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ. ಹತ್ತಿ ಅಥವಾ ಚರ್ಮದ ಕೈಗವಸು ದ್ರಾವಣವನ್ನು ಹೀರಿ ಕೈಗೇ ಒತ್ತಿಟ್ಟುಕೊಳ್ಳುತ್ತದೆ. ನೈಟ್ರೈಲ್ ಎಂಬ ಕೃತಕ ರಬ್ಬರಿನ ಕೈಗವಸೇ ಬೇಕು. ಸಿಂಪಡಿಸಿದ ಹುಲ್ಲಿನ ಮೇಲೆ ಮುಂದೆ ನಡೆದರೆ ಕಾಲೆಲ್ಲ ತೊಯ್ಯುತ್ತದೆ, ಆದ್ದರಿಂದ ಹಿಂದೆ ಸರಿಯುತ್ತಾ ಸಿಂಪಡಿಸಬೇಕು. ಈ ಕೆಲಸದಲ್ಲಿ ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ಒಗೆಯಲೇಬಾರದು.

ಇಷ್ಟೆಲ್ಲ ಎಚ್ಚರಕ್ಕಿಂತ ಕಳೆನಾಶಕದ ಅಗತ್ಯವೇ ಬಾರದಂತೆ ನೋಡಿಕೊಳ್ಳುವುದು ಮೇಲು. ಕಳೆ ಎರಡೆಲೆ ಬಿಟ್ಟಾಗಲೇ, ಒಣ ಬಿಸಿಲಿನ ದಿನ, ಗುದ್ದಲಿಯಿಂದ ಮೇಲ್ಮಣ್ಣನ್ನಷ್ಟೇ ಕೆರೆದರೆ ಬೇರು ಒಣಗಿ ಸಾಯುತ್ತದೆ. ಆಳವಾಗಿ ಅಗೆದರೆ ಮಣ್ಣಿನಡಿ ಮಲಗಿದ್ದ ಬೀಜಗಳು ಬೆಳಕು ಕಂಡು ಮೊಳೆಯುತ್ತವೆ. ಗಿಡಗಳ ನಡುವೆ ಏಳೆಂಟು ಸೆಂಟಿಮೀಟರ್ ದಪ್ಪಕ್ಕೆ ಮರದ ಚೂರು ಹಾಸಿ, ಕಾಂಡದ ಸುತ್ತ ಮಾತ್ರ ಬಿಡುವು ಕೊಡಿ. ಕಲ್ಲುಹಾಸಿನ ಸಂದಿಗೆ ಕುದಿಯುವ ನೀರು ಸಾಕು. ತೀಕ್ಷ್ಣ ವಿನೆಗರ್ ‘ನೈಸರ್ಗಿಕ’ ಎಂದು ಕಣ್ಣಿನ ರಕ್ಷಣೆಯಿಲ್ಲದೆ ಬಳಸುವವರನ್ನು ಕಂಡರೆ ನನಗೆ ಆತಂಕ. ಅದರಲ್ಲಿರುವ ಶೇ 20ರ ಅಸಿಟಿಕ್ ಆಮ್ಲ ಕಣ್ಣನ್ನೇ ಸುಡಬಲ್ಲದು.

ಜೇಕು ಎಂಬ ಕಳೆ ಮಾತ್ರ ಇದಕ್ಕೆಲ್ಲ ಬಗ್ಗುವುದಿಲ್ಲ. ಅದರ ಗಡ್ಡೆ ಮಣ್ಣಿನಲ್ಲಿ ಉಳಿದು ಮತ್ತೆ ಚಿಗುರುತ್ತದೆ. ಅಂಥ ಕಡೆ ಕಳೆನಾಶಕ ಬಳಸಲೇಬೇಕಾದರೆ ಎಲ್ಲೆಡೆ ಸಿಂಪಡಿಸದೆ ಆಯಾ ಗಿಡಕ್ಕಷ್ಟೇ ಸವರಿ, ಆ ಕೆಲಸ ಸದಾ ಒಬ್ಬರ ಪಾಲಿಗೇ ಬೀಳದಂತೆ ಹಂಚಿಕೊಳ್ಳಿ. ಯಾರು, ಯಾವ ದಿನ, ಯಾವ ಔಷಧಿ, ಎಷ್ಟು ಹೊತ್ತು ಎಂದು ಪ್ರತಿಯೊಬ್ಬರ ಹೆಸರಿನಲ್ಲಿ ಬರೆದಿಡಿ. ಅದರ ಒಂದು ಪ್ರತಿ ಕೆಲಸಗಾರರ ಬಳಿಯೂ ಇರಲಿ. ಹತ್ತಿಪ್ಪತ್ತು ವರ್ಷಗಳ ನಂತರ ವೈದ್ಯರು ಕೇಳಿದಾಗ ಕೊಡಲು ಬೇರೆ ದಾಖಲೆ ಇರುವುದಿಲ್ಲ.