ಟವರ್ ಬೇಡ ಅಂತ ಸಹಿ ಹಾಕುವ ಮೊದಲು

ಕುವೆಂಪುನಗರದ ನಮ್ಮ ಬೀದಿಯಲ್ಲಿ ಒಂದು ಮನೆಯ ತಾರಸಿ ಮೇಲೆ ಮೊಬೈಲ್ ಟವರ್ ಬರುತ್ತದಂತೆ. ಅದರ ರೇಡಿಯೋ ಅಲೆಯಿಂದ ಆರೋಗ್ಯ ಕೆಡುತ್ತದೆ, ಬೇಡ ಅನ್ನುವ ಅರ್ಜಿ ಮನೆಮನೆಗೂ ಬಂತು. ನಾನು ಸಹಿ ಹಾಕಲಿಲ್ಲ. ಅದರ ಬದಲು ‘ಅಲೆಯ ಮಟ್ಟ ಅಳೆದು ಬೀದಿಯವರಿಗೆ ತೋರಿಸಿ’ ಅಂತ ಬರೆಯಿರಿ, ಖಂಡಿತ ಹಾಕುತ್ತೇನೆ ಅಂದೆ. 2012ರಲ್ಲೇ ನಮ್ಮ ಸರ್ಕಾರ ಟವರಿನ ಅಲೆಯ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಸಿತ್ತು. ಇನ್ನು ಆಂಟೆನಾದ ಅಲೆ ಹೆಚ್ಚಾಗಿ ಹೋಗುವುದು ಅಡ್ಡಕ್ಕೆ. ದೀಪದ ಬುಡದಲ್ಲಿ ಕತ್ತಲು ಅಂತಾರಲ್ಲ, ಹಾಗೆ ಟವರಿನ ನೇರ ಕೆಳಗೆ ಬೀಳುವುದು ಕಡಿಮೆ. ಅಳೆಯಬೇಕಾದದ್ದು ಆಂಟೆನಾಗೆ ಎದುರಾಗಿರುವ ಮಹಡಿಗಳಲ್ಲಿ.

ನನಗೆ ನಿಜವಾದ ಚಿಂತೆ ಕೈಯಲ್ಲಿರುವ ಫೋನಿನದು. ಸ್ಟಾರ್, ಹ್ಯಾಶ್, 07, ಹ್ಯಾಶ್ ಒತ್ತಿ ನೋಡಿ. ಬಹಳಷ್ಟು ಫೋನ್‌ಗಳಲ್ಲಿ ‘ಎಸ್‌ಎಆರ್’ ಅಂಕಿ ಬರುತ್ತದೆ. ಫೋನಿನ ಅಲೆಯಿಂದ ನಮ್ಮ ಮೈ ಎಷ್ಟು ಶಕ್ತಿ ಹೀರುತ್ತದೆ ಅನ್ನುವ ಲೆಕ್ಕ ಅದು. 2012ರ ಸೆಪ್ಟೆಂಬರ್ 1ರಿಂದ ಇಲ್ಲಿನ ಮಿತಿ ಕಿಲೋಗೆ 1.6 ವ್ಯಾಟ್, 1 ಗ್ರಾಂ ಅಂಗಾಂಶದ ಸರಾಸರಿಯಲ್ಲಿ. ಯುರೋಪಿನಲ್ಲಿ 2 ವ್ಯಾಟ್, ಆದರೆ 10 ಗ್ರಾಂ ಸರಾಸರಿಯಲ್ಲಿ. ಹಾಗಾಗಿ ಎರಡನ್ನೂ ಸುಮ್ನೆ ಪಕ್ಕಪಕ್ಕ ಇಟ್ಟು ನೋಡಬಾರದು.

ಈ ಅಂಕಿ ಫೋನ್ ಪೂರ್ತಿ ಶಕ್ತಿಯಲ್ಲಿ ಅಲೆ ಕಳಿಸುವಾಗ ಅಳೆದದ್ದು. ಸಿಗ್ನಲ್ ಚೆನ್ನಾಗಿದ್ದರೆ ಫೋನ್ ತಾನೇ ಶಕ್ತಿ ಇಳಿಸುತ್ತದೆ. ಸಿಗ್ನಲ್ ಸಿಗದಿದ್ದರೆ ಏರಿಸುತ್ತದೆ. ಅಂದರೆ ಟವರ್ ದೂರ ಹೋದಷ್ಟೂ ಕಿವಿ ಪಕ್ಕದ ಫೋನ್ ಜಾಸ್ತಿ ಅಲೆ ಬಿಡುತ್ತದೆ. ಅರ್ಜಿ ಹಿಡಿದು ಬಂದವರಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಪಾಂಡವಪುರದ ಹತ್ತಿರ ನಮ್ಮ ಸೋದರತ್ತೆಯ ಮನೆ ಇದೆ. ದಪ್ಪ ಗೋಡೆ, ನಡುಮನೆಯಲ್ಲಿ ಸಿಗ್ನಲ್ ಒಂದೇ ಕಡ್ಡಿ. ಅಲ್ಲೇ ಕೂತು, ಫೋನನ್ನು ಕಿವಿಗೆ ಒತ್ತಿಕೊಂಡು ಮಗಳ ಜೊತೆ ಗಂಟೆಗಟ್ಟಲೆ ಮಾತು. “ಜಗಲಿಗೆ ಬನ್ನಿ ಅತ್ತೆ, ಇಲ್ಲಾಂದ್ರೆ ಸ್ಪೀಕರ್ ಹಾಕಿ” ಅಂದೆ. “ಸ್ಪೀಕರ್ ಹಾಕಿದ್ರೆ ಬೀದಿಗೆಲ್ಲ ಕೇಳ್ಸುತ್ತೆ ಕಣಪ್ಪ” ಅಂದರು. ಅದೂ ಸರಿಯೇ. ತಂತಿ ಇರುವ ಇಯರ್‌ಫೋನ್ ತಂದುಕೊಟ್ಟೆ. ಫೋನ್ ಕಿವಿಯಿಂದ ಒಂದು ಗೇಣು ದೂರ ಹೋದರೂ ತಲೆಗೆ ತಾಗುವ ಅಲೆ ಬಹಳ ಕಡಿಮೆಯಾಗುತ್ತದೆ.

ಕ್ಯಾನ್ಸರ್ ಬರುತ್ತಾ ಅಂತ ಅತ್ತೆ ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ಅಲೆಗಳನ್ನು ‘2ಬಿ’ ಗುಂಪಿಗೆ ಸೇರಿಸಿತು. ಇರಬಹುದು, ಆದರೆ ಸಾಕ್ಷಿ ಸಾಲದು ಅಂತ ಅದರ ಅರ್ಥ. ಹೆದರಬೇಡಿ, ಆದರೆ ಮೊಮ್ಮಗಳ ದಿಂಬಿನ ಕೆಳಗೆ ಮಾತ್ರ ಫೋನ್ ಇಡಬೇಡಿ ಅಂದೆ.